ಕಿವಿಯೊಳಗಿನ ಬಸಿಗಾಲುವೆ

ಮಂಡ್ಯದ ತಂಗಿಯ ಮನೆಯಲ್ಲಿ ಒಂದು ರಾತ್ರಿ ಮೂರು ವರ್ಷದ ಮಗು ಕಿವಿ ಹಿಡಿದುಕೊಂಡು ಅಳುತ್ತಾ ಎದ್ದಿತು. ಎರಡು ದಿನದಿಂದ ನೆಗಡಿ, ಮೈ ಸ್ವಲ್ಪ ಬೆಚ್ಚಗಿತ್ತು. ಮಲಗಿಸಿದರೆ ಅಳು ಜೋರು, ಹೆಗಲಿಗೆ ಹಾಕಿಕೊಂಡರೆ ಕಡಿಮೆ. ಅಜ್ಜಿ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಲು ಹೊರಟರು. ತಂಗಿ ಫ್ರಿಜ್ಜಿನಿಂದ ಮೂರು ತಿಂಗಳ ಹಿಂದಿನ ಅರ್ಧ ಸೀಸೆ ಆಂಟಿಬಯಾಟಿಕ್ ಸಿರಪ್ ತೆಗೆದಳು. ಎರಡೂ ಬೇಡವೆಂದೆ. ಎಣ್ಣೆ ಕಿವಿಯ ತಮಟೆಯೆಂಬ ತೆಳು ಪೊರೆಯನ್ನು ದಾಟಿ ಒಳಗೆ ಹೋಗುವುದಿಲ್ಲ. ತಮಟೆ ತೂತಾಗಿದ್ದರಂತೂ ಹಾಕಲೇಬಾರದು. ಸಿರಪ್ಪಿನ ಪುಡಿಗೆ ನೀರು ಬೆರೆಸಿದ ಮೇಲೆ ಅದರ ಆಯಸ್ಸು ಒಂದೆರಡು ವಾರ ಮಾತ್ರ.

ನೋವು ಹುಟ್ಟುವುದು ತಮಟೆಯ ಆಚೆ, ಮಧ್ಯಕಿವಿಯಲ್ಲಿ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಯೂಸ್ಟೇಶಿಯನ್ ನಳಿಕೆ ಎಂಬ ಸಣ್ಣ ದಾರಿಯಿದೆ. ಇದೇ ಕಿವಿಯ ಬಸಿಗಾಲುವೆ. ಮಡಿಕೇರಿ ಘಾಟಿ ಹತ್ತುವಾಗ ಗವ್ವೆನ್ನುವ ಕಿವಿ ಎಂಜಲು ನುಂಗಿದೊಡನೆ ಬಿಟ್ಟುಕೊಳ್ಳುವುದು ಈ ನಳಿಕೆ ತೆರೆದುಕೊಳ್ಳುವುದರಿಂದ. ವಿಶ್ವೇಶ್ವರಯ್ಯ ನಾಲೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಗದ್ದೆಗೆ ತೂಬು ಎಷ್ಟು ಮುಖ್ಯವೋ ಬಸಿಗಾಲುವೆಯೂ ಅಷ್ಟೇ ಮುಖ್ಯ. ದೊಡ್ಡವರಲ್ಲಿ ನಳಿಕೆ ಸುಮಾರು 45 ಡಿಗ್ರಿ ಇಳಿಜಾರಾಗಿರುತ್ತದೆ. ಎಳೆಯ ಮಕ್ಕಳಲ್ಲಿ ಸುಮಾರು 10 ಡಿಗ್ರಿ, ಜೊತೆಗೆ ಗಿಡ್ಡ. ಗಾರೆ ಕೆಲಸದವರು ವಾಟ ಕೊಡದ ಬಚ್ಚಲನ್ನು ನೆನೆಯಿರಿ. ನೆಗಡಿಯಿಂದ ಒಳಪೊರೆ ಊದಿದರೆ ಈ ಕಾಲುವೆಗೆ ಹೂಳು ತುಂಬಿದಂತೆಯೇ. ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಪೊರೆ ಹೀರಿಕೊಳ್ಳುತ್ತದೆ, ಒತ್ತಡ ಇಳಿಯುತ್ತದೆ, ಸುತ್ತಲಿಂದ ದ್ರವ ಒಸರುತ್ತದೆ. ಗದ್ದೆ ಜವುಗಾಯಿತು! ಆ ನಿಂತ ನೀರಿನಲ್ಲಿ ನ್ಯೂಮೋಕಾಕಸ್‌ನಂಥ ಬ್ಯಾಕ್ಟೀರಿಯಾ ಬೆಳೆದು, ಕೀವು ತುಂಬಿ, ತಮಟೆ ಉಬ್ಬುತ್ತದೆ.

ಈ ನಳಿಕೆಯನ್ನು ವಿವರವಾಗಿ ಬಣ್ಣಿಸಿದವನು 16ನೇ ಶತಮಾನದ ಇಟಲಿಯ ಅಂಗರಚನಾ ತಜ್ಞ ಬಾರ್ಟೊಲೊಮಿಯೊ ಯೂಸ್ಟಾಚಿ. ಅವನಿಗೂ ಸುಮಾರು ಎರಡು ಸಾವಿರ ವರ್ಷ ಹಿಂದೆ ಗ್ರೀಕ್ ಚಿಂತಕ ಆಲ್ಕ್‌ಮಿಯಾನ್ ಆಡುಗಳು ಕಿವಿಯಿಂದ ಉಸಿರಾಡುತ್ತವೆ ಎಂದಿದ್ದನಂತೆ. ಅದು ತಪ್ಪೆಂದು ಅರಿಸ್ಟಾಟಲ್ ಬರೆದ. ತಪ್ಪೇ ನಿಜ. ಆದರೂ ಕಿವಿಗೂ ಮೂಗಿಗೂ ದಾರಿಯಿದೆಯೆಂಬ ಸುಳಿವು ಆ ತಪ್ಪಿನೊಳಗೇ ಇತ್ತೇನೋ ಎಂದು ಯೋಚಿಸಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್, ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಿಕೊಳ್ಳುವುದನ್ನು ತಡೆಯುತ್ತದೆ. ನೆಗಡಿಯ ವೈರಸ್ಸಿಗೆ ಅಂಥ ಗೋಡೆಯೇ ಇಲ್ಲ. ಹೂಳು ತುಂಬಿದ ಕಾಲುವೆಯನ್ನು ತೆರೆಯುವುದೂ ಅದರ ಕೆಲಸವಲ್ಲ. ಮೊದಲ 24 ಗಂಟೆಗಳಲ್ಲಿ ಆಂಟಿಬಯಾಟಿಕ್ ನೋವು ಇಳಿಸುವುದಿಲ್ಲ. ಆ ಹೊತ್ತಿಗೆ ನೂರರಲ್ಲಿ ಸುಮಾರು 60 ಮಕ್ಕಳ ನೋವು ತಾನಾಗಿಯೇ ಇಳಿದಿರುತ್ತದೆ. ಆ ರಾತ್ರಿ ನಮ್ಮ ಮಗುವಿಗೆ ಬೇಕಿದ್ದದ್ದು ತೂಕಕ್ಕೆ ತಕ್ಕಷ್ಟು ಪ್ಯಾರಸಿಟಮಾಲ್.

ಎರಡು ವರ್ಷ ದಾಟಿದ ಮಗುವಿಗೆ ತೊಂದರೆ ಸೌಮ್ಯವಾಗಿದ್ದರೆ, ಪರೀಕ್ಷಿಸಿದ ವೈದ್ಯರೇ 48ರಿಂದ 72 ಗಂಟೆ ಕಾದು ನೋಡೋಣ ಎನ್ನಬಹುದು. ಅದನ್ನು ಉದಾಸೀನವೆಂದು ತಿಳಿದು ಇನ್ನೊಂದು ಕ್ಲಿನಿಕ್ಕಿಗೆ ಓಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆರು ತಿಂಗಳೊಳಗಿನ ಕೂಸು, ಎರಡು ವರ್ಷದೊಳಗಿನ ಮಗುವಿಗೆ ಎರಡೂ ಕಿವಿಗಳ ಸೋಂಕು, ಸೋರುವ ಕಿವಿ, 39 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ: ಇಲ್ಲಿ ಮಾತ್ರ ಕಾಯುವಂತಿಲ್ಲ, ಆಂಟಿಬಯಾಟಿಕ್ ಬೇಕು. ಕಿವಿಯ ಹಿಂದಿನ ಮೂಳೆಯ ಮೇಲೆ ಊತ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಪೆನಿಸಿಲಿನ್‌ಗೆ ಮೊದಲು ಆ ಮೂಳೆಯನ್ನು ಉಳಿಯಿಂದ ಕೆತ್ತಿ ಕೀವು ತೆಗೆಯುತ್ತಿದ್ದರು. ಆ ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ, ಸಾಕಷ್ಟಿಲ್ಲದ ಪ್ರಮಾಣದಲ್ಲಿ ಕೊಟ್ಟರೆ ಸೂಕ್ಷ್ಮಜೀವಿಗಳು ಔಷಧಕ್ಕೆ ಬಗ್ಗದಂತಾಗುತ್ತವೆ ಎಂದು ಎಚ್ಚರಿಸಿದ್ದ. ಫ್ರಿಜ್ಜಿನ ಅರ್ಧ ಸೀಸೆ ಕಂಡಾಗ ನನಗೆ ನೆನಪಾದದ್ದು ಅದೇ.

ನೋವು ಹೋದ ಮೇಲೂ ದ್ರವ ಕೆಲವು ವಾರ ಉಳಿಯಬಹುದು. ಮಗು ಟಿವಿಯ ಸದ್ದು ಹೆಚ್ಚಿಸುತ್ತದೆ, ಕರೆದರೆ ತಿರುಗುವುದಿಲ್ಲ. ಮೂರು ತಿಂಗಳಾದರೂ ಹೀಗೇ ಇದ್ದರೆ ಶ್ರವಣ ಪರೀಕ್ಷೆ ಮಾಡಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ನಮಗೆ ಹತ್ತಿರದಲ್ಲಿದೆ. ಟಿಂಪನೊಮೆಟ್ರಿ ಎಂಬ ಪರೀಕ್ಷೆಯಲ್ಲಿ ಕಿವಿಗೆ ಪುಟ್ಟ ಮೊನೆಯಿಟ್ಟು ಗಾಳಿಯ ಒತ್ತಡವನ್ನು ಏರಿಳಿಸುತ್ತಾರೆ. ಯಂತ್ರ ಬರೆಯುವ ಗೆರೆ ಗುಡ್ಡದಂತೆ ಏರಿ ಇಳಿದರೆ ತಮಟೆ ಆಡುತ್ತಿದೆ ಎಂದರ್ಥ. ತೂತಿಲ್ಲದ ತಮಟೆಯ ಗೆರೆ ಮಟ್ಟಸವಾಗಿದ್ದರೆ, ಬಹುಮಟ್ಟಿಗೆ ಒಳಗೆ ನೀರು ಇನ್ನೂ ನಿಂತಿದೆ.