ಟೆಡ್ಡಿ ಕಣ್ಣು ಫೋನಿನಿಂದ ಹೊಳೆಯಬೇಕು, ಸಾಲ್ಡರಿಂಗ್ ಬರಲ್ಲ. ಆಗುತ್ತದಾ?

ಪ್ರಶ್ನೆ: ಅಕ್ಟೋಬರ್ 31ಕ್ಕೆ ನಮ್ಮ ಬಡಾವಣೆಯ ಮಕ್ಕಳೆಲ್ಲ ಸೇರಿ ಹ್ಯಾಲೋವೀನ್ ಮಾಡುತ್ತಿದ್ದಾರೆ. ಮಗಳ ಟೆಡ್ಡಿಗೆ ಕೆಂಪು ಕಣ್ಣು ಹಾಕಿ, ಫೋನಿನಿಂದಲೇ ಹಚ್ಚಿ ಆರಿಸುವ ಹಾಗೆ ಮಾಡಬಹುದಾ? ನನಗೆ ವೈರು ಬೆಸೆಯುವ ಸಾಲ್ಡರಿಂಗ್ ಬರಲ್ಲ, ಕೋಡಿಂಗ್ ಅಂತೂ ಗೊತ್ತೇ ಇಲ್ಲ.
– ಓದುಗರೊಬ್ಬರು, ಹಾಸನ

ಖಂಡಿತ ಮಾಡಬಹುದು. ಆದರೆ ಇದು ಮಗು ತಬ್ಬಿಕೊಂಡು ಓಡಾಡುವ ಗೊಂಬೆ ಅಲ್ವಾ? ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಣ್ಣಿನ ದೀಪ, ಅದರ ವೈರು ಬಿಟ್ಟು ಬೇರೇನೂ ಗೊಂಬೆಯ ಹೊಟ್ಟೆಯೊಳಗೆ ಹೋಗಬಾರದು. ದೀಪ ನಡೆಸುವ ಸರ್ಕ್ಯೂಟ್ ಬೋರ್ಡ್, ಬ್ಯಾಟರಿ ಎರಡೂ ಟೆಡ್ಡಿಯ ಬೆನ್ನಿಗೆ ಕಟ್ಟುವ ಪುಟ್ಟ ಚೀಲದಲ್ಲಿರಲಿ. ಒಳಗೆ ತುಂಬಿರುವುದು ಹೆಚ್ಚಾಗಿ ಪಾಲಿಯೆಸ್ಟರ್. ಬಿಸಿ ತಾಗಿದರೆ ಕರಗುತ್ತದೆ, ಬೆಂಕಿಯೂ ಹತ್ತುತ್ತದೆ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಇಎಸ್‌ಪಿ8266 ಚಿಪ್ ಇರುವ ನೋಡ್‌ಎಂಸಿಯು ವೈಫೈ ಬೋರ್ಡ್, ಒಂದೊಂದು ದೀಪವನ್ನೂ ಬೇರೆಬೇರೆಯಾಗಿ ಹಚ್ಚಬಹುದಾದ ಡಬ್ಲ್ಯುಎಸ್2812ಬಿ ಎಲ್‌ಇಡಿ ಪಟ್ಟಿ, ಅದನ್ನು ಬೋರ್ಡಿಗೆ ಜೋಡಿಸಲು ಮೂರು ಜಂಪರ್ ವೈರು, ಮನೆಯಲ್ಲಿರುವ ಪವರ್ ಬ್ಯಾಂಕ್. ಬೋರ್ಡು, ಪಟ್ಟಿ ಆನ್‌ಲೈನ್‌ನಲ್ಲಿ ಸಿಗುತ್ತವೆ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರಸ್ತೆಯಿಂದಲೂ ತರಿಸಬಹುದು. ಬ್ಲೂಟೂತ್ ಮಾಡ್ಯೂಲ್ ಹಾಕಿ ಅಂತ ಕೆಲವರು ಹೇಳಬಹುದು. ಅಗ್ಗಕ್ಕೆ ಸಿಗುವ ಎಚ್‌ಸಿ-05 ಐಫೋನ್ ಜೊತೆ ಕೆಲಸ ಮಾಡುವುದಿಲ್ಲ, ವೈಫೈ ಆದರೆ ಯಾವ ಫೋನಾದರೂ ಸರಿ.

ಪಟ್ಟಿ ಕೊಳ್ಳುವಾಗ ಸ್ವಲ್ಪ ಗಮನ ಕೊಡಿ. ಸಾಲ್ಡರಿಂಗ್ ಕೆಲಸ ಉಳಿಯುವುದು ಇಲ್ಲೇ. ಮೀಟರಿಗೆ 30 ದೀಪದ ಪಟ್ಟಿಯಲ್ಲಿ ಒಂದು ದೀಪದಿಂದ ಇನ್ನೊಂದಕ್ಕೆ ಸುಮಾರು 3.3 ಸೆಂಟಿಮೀಟರ್. ಟೆಡ್ಡಿಯ ಕಣ್ಣುಗಳ ಅಂತರವನ್ನು ಸ್ಕೇಲ್ ಹಿಡಿದು ಅಳೆಯಿರಿ. ಹೆಚ್ಚುಕಮ್ಮಿ ಅಷ್ಟೇ ಇದ್ದರೆ ಎರಡು ದೀಪದ ತುಂಡು ಕತ್ತರಿಸಿ ಹಾಗೇ ಅಡ್ಡ ಇಟ್ಟರಾಯಿತು. 60 ದೀಪದ್ದೇ ಸಿಕ್ಕಿದರೆ ಮೂರು ದೀಪ ಕತ್ತರಿಸಿ, ನಡುವಿನದನ್ನು ಫೋನಿನಲ್ಲಿ ಆಫ್ ಮಾಡಿಡಿ. ತುದಿಗೆ ಮೊದಲೇ ವೈರು ಬೆಸೆದಿರುವ ಪಟ್ಟಿಯನ್ನೇ ಕೇಳಿ ತಗೊಳ್ಳಿ, ತುಂಡನ್ನು ಆ ತುದಿಯಿಂದಲೇ ಕತ್ತರಿಸಿ. ಪಟ್ಟಿಯ ಮೇಲೆ ಬಾಣದ ಗುರುತು ಇರುತ್ತದೆ. ವೈರಿನ ಕಡೆಯಿಂದ ಬಾಣ ಒಳಮುಖವಾಗಿರಬೇಕು, ತಿರುಗಾಮುರುಗಾ ಆದರೆ ದೀಪ ಹತ್ತುವುದಿಲ್ಲ.

ಪಟ್ಟಿಯ 5 ವೋಲ್ಟ್ ವೈರು ಬೋರ್ಡಿನ ವಿಐಎನ್ ಪಿನ್ನಿಗೆ, ಗ್ರೌಂಡ್ ಜಿ ಪಿನ್ನಿಗೆ, ಡೇಟಾ ಡಿ4ಕ್ಕೆ. ಬೋರ್ಡಿನಲ್ಲಿ ವಿಯು ಅನ್ನುವ ಪಿನ್ ಇದ್ದರೆ 5 ವೋಲ್ಟ್ ವೈರನ್ನು ಅದಕ್ಕೆ ಕೊಡಿ. ಇನ್ನು ಕೋಡಿಂಗ್. ಡಬ್ಲ್ಯುಎಲ್‌ಇಡಿ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಬೋರ್ಡನ್ನು ಕಂಪ್ಯೂಟರಿಗೆ ಚುಚ್ಚಿ, ಕ್ರೋಮ್ ಬ್ರೌಸರಿನಲ್ಲಿ ಅದರ ಇನ್‌ಸ್ಟಾಲ್ ಪುಟ ತೆರೆದು ಒತ್ತಿದರೆ ತಾನೇ ಕೂರುತ್ತದೆ. ಬೋರ್ಡ್ ಕಾಣಿಸದಿದ್ದರೆ ಮೊದಲು ಕೇಬಲ್ ಬದಲಿಸಿ. ಎಷ್ಟೋ ಕೇಬಲ್ ಚಾರ್ಜಿಗೆ ಮಾತ್ರ ಆಗುತ್ತವೆ.

ಆಮೇಲೆ ಫೋನಿನ ವೈಫೈ ಪಟ್ಟಿಯಲ್ಲಿ ಡಬ್ಲ್ಯುಎಲ್‌ಇಡಿ-ಎಪಿ ಅಂತ ಕಾಣಿಸುತ್ತದೆ. ಪಾಸ್‌ವರ್ಡ್ ಡಬ್ಲ್ಯು, ಎಲ್, ಇ, ಡಿ ಸಣ್ಣಕ್ಷರದಲ್ಲಿ, ಬೆನ್ನಿಗೇ 1234. ಎಲ್ಲರ ಬೋರ್ಡಿಗೂ ಇದೇ ಇರುವುದರಿಂದ ಬದಲಿಸಿಬಿಡಿ. ಬ್ರೌಸರಿನಲ್ಲಿ 4.3.2.1 ಟೈಪ್ ಮಾಡಿದರೆ ಬಣ್ಣದ ಚಕ್ರ ತೆರೆಯುತ್ತದೆ. ಸೆಟ್ಟಿಂಗಿನಲ್ಲಿ ದೀಪದ ಸಂಖ್ಯೆಯನ್ನು ನಿಮ್ಮ ತುಂಡಿಗೆ ಸರಿಯಾಗಿ 2 ಅಥವಾ 3 ಮಾಡಿ. ಈ ವೈಫೈ ಬೋರ್ಡೇ ಹೊರಡಿಸುವುದು, ಇಂಟರ್ನೆಟ್ ಬೇಡ. ಸಕಲೇಶಪುರದ ಕಡೆ ನೆಟ್‌ವರ್ಕೇ ಸಿಗದ ತೋಟದ ಮನೆಯಲ್ಲೂ ನಡೆಯುತ್ತದೆ. ಇಂಟರ್ನೆಟ್ ಇಲ್ಲ, ಆದರೂ ಈ ವೈಫೈಯಲ್ಲೇ ಇರಬೇಕಾ ಅಂತ ಫೋನ್ ಕೇಳಿದರೆ ಹೌದು ಅನ್ನಿ.

ಕಣ್ಣು ಕೂರಿಸುವುದೇ ಇದರಲ್ಲಿ ಚೆಂದದ ಕೆಲಸ. ತಲೆಯ ಹಿಂದಿನ ಹೊಲಿಗೆ ಬಿಚ್ಚಿ, ಪ್ಲಾಸ್ಟಿಕ್ ಕಣ್ಣು ತೆಗೆದು, ಆ ತೂತನ್ನು ಅದೇ ಬಣ್ಣದ ತೆಳು ಬಟ್ಟೆಯಿಂದ ಮುಚ್ಚಿ ಹೊಲಿಯಿರಿ. ಸುತ್ತಲಿನ ರೋಮವನ್ನು ಸಣ್ಣ ಕತ್ತರಿಯಿಂದ ಮೋಟು ಮಾಡಿ. ಪಟ್ಟಿ ಒಳಗಿನಿಂದ ಬಟ್ಟೆಗೆ ಒತ್ತಿಕೊಂಡಿರಲಿ, ಕತ್ತರಿಸಿದ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಹಗಲಿನಲ್ಲಿ ಏನೂ ಇಲ್ಲದ ಮುಖ. ಕತ್ತಲಲ್ಲಿ ಬಟ್ಟೆಯ ಹಿಂದಿನಿಂದ ಕೆಂಪು ಮೂಡಿದಾಗ ದೊಡ್ಡವರೂ ಬೆಚ್ಚುತ್ತಾರೆ. ಬೆಳಕು ಕಮ್ಮಿ ಇಟ್ಟು ಬ್ರೀದ್ ಎಫೆಕ್ಟ್ ಹಾಕಿ, ಉಸಿರಾಡುವ ಹಾಗೆ ನಿಧಾನ ಏರಿ ಇಳಿಯುತ್ತದೆ. ಕೊರಳಿಗೆ "ನಾಳೆ ಬಾ" ಅಂತ ಒಂದು ಚೀಟಿ ಕಟ್ಟಿದರೆ ನಮ್ಮೂರ ದೆವ್ವವೇ ಆಯಿತು.

ಬೋರ್ಡನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಚೀಲಕ್ಕೆ ಹಾಕಿ. ಕೆಲವು ಪವರ್ ಬ್ಯಾಂಕ್‌ಗಳು ಇಷ್ಟು ಕಮ್ಮಿ ಕರೆಂಟ್ ಎಳೆದರೆ ತಾವೇ ಆಫ್ ಆಗುತ್ತವೆ, ಹಿಂದಿನ ದಿನವೇ ಅರ್ಧ ಗಂಟೆ ಹಚ್ಚಿ ನೋಡಿ. ವಾಚಿಗೆ ಹಾಕುವಂಥ ಗುಂಡಿ ಸೆಲ್ ಮಾತ್ರ ಬೇಡವೇ ಬೇಡ. ವೈಫೈಗೆ ಬೇಕಾದಷ್ಟು ಕರೆಂಟ್ ಅದು ಕೊಡುವುದಿಲ್ಲ. ಮಗು ನುಂಗಿದರಂತೂ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಮೂರು ವರ್ಷದ ಒಳಗಿನ ಮಗುವಾದರೆ ಟೆಡ್ಡಿಯನ್ನು ಕೈಗೆ ಕೊಡಬೇಡಿ, ಎತ್ತರದಲ್ಲಿ ಕೂರಿಸಿ ತೋರಿಸಿ.

ಮರುದಿನವೇ ನವೆಂಬರ್ 1. ದೀಪ ಬಿಚ್ಚುವ ಮುಂಚೆ ಫೋನಿನ ಅದೇ ಪುಟದಲ್ಲಿ ಎರಡು ಸೆಗ್ಮೆಂಟ್, ಅಂದರೆ ಕಣ್ಣಿಗೊಂದರಂತೆ ಎರಡು ಭಾಗ ಮಾಡಿ, ಒಂದು ಕಣ್ಣಿಗೆ ಹಳದಿ, ಇನ್ನೊಂದಕ್ಕೆ ಕೆಂಪು ಕೊಡಿ. ರಾಜ್ಯೋತ್ಸವಕ್ಕೂ ಅದೇ ಟೆಡ್ಡಿ ಆಗುತ್ತದೆ.