ಮರುತಯಾರಿಕೆ: ಬಳಸಿದ ಮೊಬೈಲ್ ಮತ್ತೆ ಹೊಸದಾಗುವ ಬಗೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ದೆಹಲಿಯ ಗಫಾರ್ ಮಾರ್ಕೆಟ್‌ನಲ್ಲಾಗಲಿ, ‘ಸೆಕೆಂಡ್ ಹ್ಯಾಂಡ್’, ‘ರಿಪೇರಿ ಆಗಿದ್ದು’, ‘ರಿಫರ್ಬಿಶ್ಡ್’ ಎಂಬ ಮೂರೂ ಮಾತು ಒಂದೇ ಫೋನಿಗೆ ಸಲ್ಲುವುದುಂಟು. ರಿಮ್ಯಾನುಫ್ಯಾಕ್ಚರಿಂಗ್, ಅಂದರೆ ಮರುತಯಾರಿಕೆ, ಈ ಮೂರರಲ್ಲಿ ಯಾವುದೂ ಅಲ್ಲ. ಬಳಸಿದ ವಸ್ತುವನ್ನು ಬಿಚ್ಚಿ, ಸವೆದ ಭಾಗ ಬದಲಿಸಿ, ಕಡೇಪಕ್ಷ ಹೊಸದಾಗಿದ್ದಾಗಿನ ಸಾಮರ್ಥ್ಯಕ್ಕೆ ತಂದು, ಹೊಸ ವಸ್ತುವಿಗೆ ಕೊಡುವಷ್ಟೇ ವಾರಂಟಿ ಕೊಟ್ಟರೆ ಮಾತ್ರ ಅದು ಮರುತಯಾರಿಕೆ. 2009ರ ಬ್ರಿಟಿಷ್ ಮಾನದಂಡ ಬಿಎಸ್ 8887-2 ಹೇಳುವುದೂ ಇದನ್ನೇ. ರಿಪೇರಿಯಲ್ಲಿ ಕೆಟ್ಟ ಭಾಗ ಮಾತ್ರ ಸರಿಹೋಗುತ್ತದೆ. ರಿಫರ್ಬಿಶ್ಡ್, ಅಂದರೆ ನವೀಕರಿಸಿದ, ಫೋನಿಗೆ ವಾರಂಟಿ ಸಾಮಾನ್ಯವಾಗಿ ಕಡಿಮೆ. ಮರುಚಕ್ರೀಕರಣದಲ್ಲಂತೂ ಫೋನೇ ಉಳಿಯುವುದಿಲ್ಲ, ಲೋಹ ಮಾತ್ರ ಉಳಿಯುತ್ತದೆ.

ಈ ವ್ಯತ್ಯಾಸಕ್ಕೆ ಬೆಲೆಯಿದೆ. ಸ್ಮಾರ್ಟ್‌ಫೋನಿನ ಆಯುಷ್ಯದುದ್ದಕ್ಕೂ ಹೊಮ್ಮುವ ಇಂಗಾಲದ ಬಹುಪಾಲು ಅದನ್ನು ತಯಾರಿಸುವಾಗಲೇ ಹೊಮ್ಮಿರುತ್ತದೆ. ಫೋನಿನೊಳಗಿನ ಸರ್ಕ್ಯೂಟ್ ಬೋರ್ಡನ್ನು ಕರಗಿಸಿದರೆ ಚಿನ್ನ, ತಾಮ್ರ ಸಿಗಬಹುದು. ಚಿಪ್ ಮಾಡಲು ಸುರಿದ ವಿದ್ಯುತ್ತು, ನೀರು ಮರಳುವುದಿಲ್ಲ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಸರಿಯಾದ ದಾರಿಯಲ್ಲಿ ಸಂಗ್ರಹವಾಗಿ ಮರುಚಕ್ರೀಕರಣಗೊಂಡದ್ದಕ್ಕೆ ದಾಖಲೆ ಇರುವುದು ಅದರಲ್ಲಿ ಶೇ 22.3ಕ್ಕೆ ಮಾತ್ರ. ಉಳಿದದ್ದರಲ್ಲಿ ಒಂದು ಪಾಲು ದೆಹಲಿಯ ಸೀಲಂಪುರದಂಥ ಕಡೆ ಬರಿಗೈಯಲ್ಲಿ ಕಳಚುವವರನ್ನು ಸೇರುತ್ತದೆ. ಸುಡುವಾಗಿನ ಹೊಗೆ, ಲೋಹ ತೆಗೆಯಲು ಬಳಸುವ ಆಮ್ಲ ಅವರ ಮೈಗೇ ಇಳಿಯುತ್ತದೆ.

ಕೆಲಸ ಶುರುವಾಗುವುದು ಸ್ಕ್ರೂಡ್ರೈವರಿನಿಂದಲ್ಲ, ಪರಿಶೀಲನೆಯಿಂದ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಕಾಣುತ್ತದೆ. ‘KYM’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಒಂದು ಸ್ಥಳ ಬಿಟ್ಟು, ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಫೋನ್ ಬ್ಲಾಕ್ ಆಗಿದೆಯೇ ಎಂದು ತಿಳಿಯುತ್ತದೆ. ಆಮೇಲೆ ನೋಡಬೇಕಾದ್ದು ಖಾತೆಯ ಲಾಕ್: ಹಳೆಯ ಮಾಲೀಕರ ಖಾತೆ ಉಳಿದಿದ್ದರೆ ಫೋನ್ ಬೇರೆಯವರಿಗೆ ತೆರೆಯುವುದಿಲ್ಲ. ಮಾರುವವರು ಬಟನ್ ಒತ್ತಿ ರಿಕವರಿ ಎಂಬ ಮೆನುವಿನಿಂದ ರೀಸೆಟ್ ಮಾಡಿದರೆ ಗೂಗಲ್ ಲಾಕ್ ಹಾಗೇ ಉಳಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಖಾತೆ ತೆಗೆದು, ಅಲ್ಲಿಂದಲೇ ರೀಸೆಟ್ ಮಾಡಬೇಕು. ಈ ಒಂದು ತಪ್ಪಿನಿಂದ ಚೆನ್ನಾಗಿರುವ ಬೋರ್ಡುಗಳೂ ಗುಜರಿ ಪಾಲಾಗುತ್ತವೆ.

ಬಿಚ್ಚುವ ಮುನ್ನ ಬ್ಯಾಟರಿ ಶೇ 25ಕ್ಕಿಂತ ಕೆಳಗಿಳಿದಿರಲಿ. ತುಂಬಿದ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಜೋರು. ಉಬ್ಬಿದ್ದನ್ನು ಲೋಹದ ಪಟ್ಟಿಯಿಂದ ಮೀಟಬಾರದು, ತೆಗೆದ ಕೂಡಲೇ ಒಣ ಮರಳಿನ ಡಬ್ಬಿಗೆ ಹಾಕಬೇಕು. ಮರುತಯಾರಿಕೆಯಲ್ಲಿ ಬ್ಯಾಟರಿ ಹೊಸದೇ ಆಗಿರಬೇಕು, ತಯಾರಾದ ತಿಂಗಳನ್ನೂ ನೋಡಬೇಕು. ವರ್ಷಗಟ್ಟಲೆ ಗೋದಾಮಿನಲ್ಲಿದ್ದ ಲಿಥಿಯಂ ಬ್ಯಾಟರಿ ಬಳಸದೆಯೂ ಸವೆಯುತ್ತದೆ.

ಹಣ ಉಳಿಯುವುದೂ ಕೆಡುವುದೂ ಡಿಸ್‌ಪ್ಲೇಯಲ್ಲಿ. ಮೇಲಿನ ಗಾಜು ಮಾತ್ರ ಒಡೆದಿದ್ದರೆ ಇಡೀ ಕಾಂಬೋ, ಅಂದರೆ ಗಾಜೂ ಪರದೆಯೂ ಕೂಡಿದ ಭಾಗ, ಬದಲಿಸಬೇಕಿಲ್ಲ. ಸುಮಾರು 80 ಡಿಗ್ರಿ ಸೆಲ್ಸಿಯಸ್‌ನ ಹಾಟ್ ಪ್ಲೇಟ್ ಮೇಲೆ ಕೂರಿಸಿ, 0.1 ಮಿಲಿಮೀಟರಿಗಿಂತ ತೆಳುವಾದ ತಂತಿಯಿಂದ ಗಾಜನ್ನು ಬೇರ್ಪಡಿಸಿ, ಹಳೆಯ ಅಂಟು ಒರೆಸಿ, ಓಸಿಎ ಎಂಬ ಪಾರದರ್ಶಕ ಅಂಟುಹಾಳೆ ಇಟ್ಟು, ನಿರ್ವಾತ ಯಂತ್ರದಲ್ಲಿ ಹೊಸ ಗಾಜು ಒತ್ತುತ್ತಾರೆ. ಕೊನೆಗೆ ಒತ್ತಡದ ಪೆಟ್ಟಿಗೆಯಲ್ಲಿಟ್ಟು ಗುಳ್ಳೆ ಹೊರಹಾಕುತ್ತಾರೆ. ಒಂದು ಕಣ ಧೂಳು ಸೇರಿದರೂ ಚುಕ್ಕೆ ಖಾಯಂ. ಓಎಲ್‌ಇಡಿ ಬಗೆಯ ಪರದೆಯ ಮೇಲೆ ತಂತಿ ಜಾರಿದರೆ ಹಸಿರು ಗೆರೆ. ಅಗ್ಗಕ್ಕೆಂದು ಓಎಲ್‌ಇಡಿ ಜಾಗದಲ್ಲಿ ಎಲ್‌ಸಿಡಿ ಬಗೆಯ ಕಾಂಬೋ ಕೂರಿಸಿದರೆ ಪರದೆಯೊಳಗಿನ ಬೆರಳಚ್ಚು ಕೆಲಸ ಮಾಡುವುದಿಲ್ಲ. ಅಂಥ ಫೋನನ್ನು ಮರುತಯಾರಿಕೆಯದು ಎಂದು ಮಾರುವುದು ಮೋಸವೇ ಸರಿ.

ನೀರು ಕುಡಿದ ಬೋರ್ಡಿಗೆ ಅಕ್ಕಿ ಡಬ್ಬಿ ಮದ್ದಲ್ಲ. ನೀರು ಆರಿದರೂ ಅದರಲ್ಲಿದ್ದ ಉಪ್ಪು ಅಲ್ಲೇ ಕೂತು ತಾಮ್ರವನ್ನು ತಿನ್ನುತ್ತದೆ. ಚಿಪ್‌ಗಳ ಮೇಲಿನ ಶೀಲ್ಡ್ ಎಂಬ ಲೋಹದ ಮುಚ್ಚಳ ತೆಗೆದು, ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬ್ರಷ್‌ನಿಂದ ತೊಳೆಯಬೇಕು. ಐಸಿಯ, ಅಂದರೆ ಚಿಪ್‌ನ, ಕೆಳಗಿನ ಬೆಸುಗೆ ಬಿರಿದಿದ್ದರೆ ಬರೀ ಬಿಸಿಗಾಳಿ ತೋರಿಸಿದಾಗ ಫೋನ್ ಏಳಬಹುದು, ಕೆಲವೇ ವಾರದಲ್ಲಿ ಮತ್ತೆ ಮಲಗಲೂಬಹುದು. ಐಸಿ ಎತ್ತಿ, ಹಳೆಯ ಬೆಸುಗೆ ತೆಗೆದು, ಬೆಸುಗೆಯ ಹೊಸ ಗುಂಡು ಕೂರಿಸುವ ರೀಬಾಲಿಂಗ್ ಆಗಬೇಕು. ಸೀಸವಿಲ್ಲದ ಬೆಸುಗೆ ಕರಗುವುದು ಸುಮಾರು 217 ಡಿಗ್ರಿಯಲ್ಲಿ, ಸೀಸ ಬೆರೆತದ್ದು 183ರಲ್ಲಿ; ಎರಡನ್ನೂ ಬೆರೆಸಿದರೆ ಕೀಲು ನಂಬಿಕೆಗೆ ಬಾರದು.

ಮುಚ್ಚುವಾಗ ಅಂಚಿನ ಅಂಟುಪಟ್ಟಿ ಹೊಸದಿರಬೇಕು. ಒತ್ತಡದ ಪರೀಕ್ಷೆ ಮಾಡದೆ ನೀರಿಗೆ ಜಗ್ಗದ ಫೋನ್ ಎಂದು ಹೇಳಬಾರದು.

ಭಾರತದಲ್ಲಿ 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ನವೀಕರಣ ಮಾಡುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಕೆಲಸದಲ್ಲಿ ಉಳಿದ ಕಸವನ್ನು ನೋಂದಾಯಿತ ಮರುಚಕ್ರೀಕರಣದವರಿಗೇ ಕೊಡಬೇಕು.

ಒಂದನ್ನು ಮಾತ್ರ ಕಾರ್ಯಾಗಾರದಲ್ಲಿ ಹೊಸದು ಮಾಡಲಾಗದು: ತಂತ್ರಾಂಶದ ಆಯುಷ್ಯ. ಕಂಪನಿ ಸೆಕ್ಯುರಿಟಿ ಅಪ್‌ಡೇಟ್ ನಿಲ್ಲಿಸಿದ ಮಾದರಿಗೆ ಎಷ್ಟೇ ಚಂದದ ಪರದೆ ಹಾಕಿದರೂ ಬ್ಯಾಂಕಿನ ಆ್ಯಪ್ ಬಳಸಲು ಅದು ತಕ್ಕದ್ದಲ್ಲ. ಆದ್ದರಿಂದ ಕೊಳ್ಳುವಾಗ ಬ್ಯಾಟರಿ, ಪರದೆಗಿಂತ ಮೊದಲು ಕೇಳಬೇಕಾದ್ದು ಅಪ್‌ಡೇಟ್ ಯಾವ ವರ್ಷದವರೆಗೆ ಬರುತ್ತದೆ ಎಂಬುದನ್ನು.