ಭಾರ ಬೀಳದ ಎಲುಬು: ಹೆಂಗಸರದ್ದೇ ಬೇಗ ಸವೆಯುತ್ತದೆಯೇ?

ಸುನೀತಾ ವಿಲಿಯಮ್ಸ್ 286 ದಿನ ಬಾಹ್ಯಾಕಾಶದಲ್ಲಿದ್ದು 2025ರ ಮಾರ್ಚ್‌ನಲ್ಲಿ ಮರಳಿದ ಮೇಲೆ, ಉಡುಪಿಯಲ್ಲಿ ನನ್ನ ಬಳಿ ಸೊಂಟ, ಮೊಣಕಾಲು ನೋವೆಂದು ಬರುವವರು ಕೇಳತೊಡಗಿದರು: “ಡಾಕ್ಟ್ರೇ, ಅಲ್ಲಿ ಹೆಂಗಸರ ಎಲುಬು ಬೇಗ ಸವೆಯುತ್ತದಂತೆ, ಹೌದಾ?”

ಸವೆಯುವುದು ನಿಜ. ಆದರೆ ಹೆಂಗಸರದ್ದೇ ಬೇಗ ಎನ್ನಲು ಆಧಾರವಿಲ್ಲ. ಎಲುಬನ್ನು ಕರಗಿಸುವ ಜೀವಕೋಶಗಳೂ ಕಟ್ಟುವ ಜೀವಕೋಶಗಳೂ ನಮ್ಮೊಳಗೆ ಸದಾ ಕೆಲಸ ಮಾಡುತ್ತಿರುತ್ತವೆ. ಮೈಭಾರ ಬೀಳದಿದ್ದರೆ ಕರಗಿಸುವವುಗಳ ಕೈ ಮೇಲಾಗುತ್ತದೆ. ತಕ್ಕ ವ್ಯಾಯಾಮವಿಲ್ಲದಿದ್ದರೆ ಗಗನಯಾತ್ರಿಯ ಸೊಂಟದ ಕೀಲಿನ ಎಲುಬು ತಿಂಗಳಿಗೆ ಶೇ 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತದೆ. ಮುಟ್ಟು ನಿಂತ ಹೆಂಗಸಿಗೆ ಇಷ್ಟು ನಷ್ಟವಾಗಲು ಸುಮಾರು ಒಂದು ವರ್ಷ ಬೇಕು. ದೀರ್ಘಯಾನ ಮಾಡಿದ ಗಂಡಸರನ್ನೂ ಹೆಂಗಸರನ್ನೂ ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ನಷ್ಟದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. 2008ರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಬಂದ ಹೊಸ ವ್ಯಾಯಾಮ ಯಂತ್ರ ಇಬ್ಬರಿಗೂ ನೆರವಾಯಿತು. ಅಲ್ಲಿ ಕಬ್ಬಿಣದ ತೂಕ ಎತ್ತಿ ಫಲವಿಲ್ಲ, ಅದಕ್ಕೂ ಭಾರವಿರುವುದಿಲ್ಲವಲ್ಲ. ಆ ಯಂತ್ರದಲ್ಲಿ ನಿರ್ವಾತ ಕೊಳವೆಯ ಎಳೆತವೇ ಭಾರದ ಕೆಲಸ ಮಾಡುತ್ತದೆ.

ಈ ಫಲಿತಾಂಶವನ್ನು ನಾನು ಒಪ್ಪುತ್ತೇನೆ, ಆದರೆ ಎಚ್ಚರಿಕೆಯಿಂದ. ಹೋಗಿಬಂದ ಹೆಂಗಸರ ಸಂಖ್ಯೆ ಇನ್ನೂ ಕಡಿಮೆ. ಜೊತೆಗೆ, ಯಾನದುದ್ದಕ್ಕೂ ಮುಟ್ಟು ಬಾರದಂತೆ ಹಾರ್ಮೋನ್ ಮಾತ್ರೆ ನುಂಗುವವರು ಅವರಲ್ಲಿ ಹಲವರು. ಅದರಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಇದ್ದರೆ ಅದೇ ಎಲುಬಿಗೆ ಒಂದು ಮಟ್ಟಿನ ಕಾವಲಾಗಬಹುದು.

ಸ್ನಾಯುಗಳ ವಿಷಯದಲ್ಲಿ ನನಗೆ ಬಹಳ ಉಪಯೋಗವಾದದ್ದು 2005ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ನಡೆದ ಪ್ರಯೋಗ. ಭಾರ ಬೀಳದ ಬಾಹ್ಯಾಕಾಶದ ಸ್ಥಿತಿಯನ್ನು ಭೂಮಿಯಲ್ಲೇ ಅನುಕರಿಸಲು 24 ಹೆಂಗಸರು ತಲೆ 6 ಡಿಗ್ರಿ ತಗ್ಗಾಗಿರುವ ಮಂಚದಲ್ಲಿ 60 ದಿನ ಮಲಗಿದ್ದರು. ಸುಮ್ಮನೆ ಮಲಗಿದವರ ತೊಡೆ ಐದನೇ ಒಂದು ಭಾಗದಷ್ಟು ಸೊರಗಿತು, ಮೀನಖಂಡ ಅದಕ್ಕಿಂತಲೂ ಹೆಚ್ಚು. ವ್ಯಾಯಾಮ ಮಾಡಿದವರ ತೊಡೆ ಉಳಿಯಿತು. ಪ್ರೊಟೀನ್ ಮಾತ್ರ ಹೆಚ್ಚು ತಿಂದವರ ತೊಡೆ ಸುಮ್ಮನೆ ಮಲಗಿದವರದ್ದಕ್ಕಿಂತಲೂ ತುಸು ಹೆಚ್ಚೇ ಸೊರಗಿತ್ತು! ಹಾಸಿಗೆ ಹಿಡಿದ ಅಮ್ಮನಿಗೆ ಪ್ರೊಟೀನ್ ಪುಡಿಯ ಡಬ್ಬ ತಂದಿಟ್ಟು ಸಮಾಧಾನ ಪಡುವ ಮಕ್ಕಳಿಗೆ ನಾನು ಹೇಳುವುದು ಇದನ್ನೇ.

ಹಾಗಾದರೆ ಗಂಡು ಹೆಣ್ಣಿನ ವ್ಯತ್ಯಾಸ ಎಲ್ಲಿ? ಹೊರಡುವ ಮಟ್ಟದಲ್ಲಿ. ಸಾಮಾನ್ಯವಾಗಿ ಗಂಡಸಿನ ಎಲುಬು ದಪ್ಪ, ಸ್ನಾಯು ಹೆಚ್ಚು. ಇಬ್ಬರಿಗೂ ಶೇಕಡಾವಾರು ಅಷ್ಟೇ ಹೋದರೂ ಮುರಿಯುವ ಮಟ್ಟಕ್ಕೆ ಹೆಂಗಸು ಮೊದಲು ತಲುಪುತ್ತಾಳೆ. ಮುಟ್ಟು ನಿಂತು ಈಸ್ಟ್ರೋಜನ್ ಇಳಿದ ಮೇಲಂತೂ ಭೂಮಿಯ ಮೇಲೆಯೇ ನಷ್ಟ ಶುರುವಾಗಿರುತ್ತದೆ. ದಿನವಿಡೀ ಕೂತು ಬೀಡಿ ಕಟ್ಟುವ ನಮ್ಮೂರಿನ ಹೆಂಗಸರ ವಿಷಯದಲ್ಲಿ ನನಗೆ ಆತಂಕವಾಗುವುದು ಇದಕ್ಕೇ.

ಸೊಂಟ ಮುರಿದು ಆಪರೇಷನ್ ಆದವರನ್ನು, ಬೇರೆ ತೊಂದರೆ ಇಲ್ಲದಿದ್ದರೆ, ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತೇವೆ. “ಏಳಬೇಡಿ ಅಮ್ಮ, ಮಲಗಿರಿ” ಎಂದು ಮನೆಯವರು ತಡೆಯುವುದುಂಟು. ದಯವಿಟ್ಟು ತಡೆಯಬೇಡಿ. ಆಸ್ಪತ್ರೆ ಬಿಡುವ ದಿನ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ದಿನಕ್ಕೆ ಎಷ್ಟು ಸಲ ನಿಲ್ಲಿಸಬೇಕು ಎಂದು ನಮ್ಮನ್ನು ಕೇಳಿ, ಔಷಧಿ ಚೀಟಿಯಲ್ಲೇ ಬರೆಸಿಕೊಳ್ಳಿ.